ಬಾಲದ ಮೇಲಿನ ಎರಡು ಕೆಂಪು ಪಟ್ಟಿ

ಸರಸ್ವತಿ, ನಿಮ್ಮ ಮನೆಯ ಆ ಮರದ ವಿಮಾನದ ಬಾಲದ ಮೇಲಿರುವ ಎರಡು ಕೆಂಪು ಪಟ್ಟಿ ನಿನ್ನ ಅಣ್ಣ ಹೇಳಿದ್ದಲ್ಲ. ನಾನು ಹೇಳಿದ್ದು. ಅವನ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡೇ ಅದರಲ್ಲಿ ಇಲ್ಲದ್ದನ್ನು ಓದಿದೆ. ಇದ್ದದ್ದನ್ನು ಮೂರು ದಿನ ಮುಚ್ಚಿಟ್ಟೆ.

ವಿಮಾನವನ್ನು ಶಾಲೆಗೆ ಕೊಡುತ್ತೇನೆ, ಜೊತೆಗಿಡಲು ನಾಲ್ಕು ಸಾಲು ಬರೆದುಕೊಡಿ ಮಾವ ಎಂದು ನೀನು ಹೋದ ತಿಂಗಳು ಕೇಳಿದೆ. ನಾನು ಬರೆಯಲು ಕೂತೆ. ಮೊದಲ ಸಾಲಿನಲ್ಲೇ ಕೈ ನಿಂತಿತು.

ನಿನ್ನ ಅಪ್ಪ ಸುಬ್ರಾಯ ಆಚಾರಿಗೆ ಅಕ್ಷರ ಬರುತ್ತಿರಲಿಲ್ಲ. ತೆಂಗಿನಗುಂಡಿಯಲ್ಲಿ ದೋಣಿ ಕಟ್ಟುತ್ತಿದ್ದ. ಕಣ್ಣಳತೆಯೇ ಅವನ ನಕ್ಷೆ. ನಿನ್ನ ಅಣ್ಣ ವಿಠ್ಠಲ ವಿಮಾನ ದಳದಲ್ಲಿ ಮೆಕ್ಯಾನಿಕ್ ಆಗಿ ಹೋದ ಮೇಲೆ ಅವನ ಕಾಗದಗಳು ಭಟ್ಕಳ ಪೇಟೆಯ ನನ್ನ ಅಂಗಡಿಯ ವಿಳಾಸಕ್ಕೇ ಬರುತ್ತಿದ್ದವು. ಓದಿ ಹೇಳುವವನೂ ನಾನೇ, ಉತ್ತರ ಬರೆಯುವವನೂ ನಾನೇ. ಒಂದು ಬುದ್ಧಿಮಾತು ಹೇಳಲೇ? ಕಾಗದವನ್ನು ಒಬ್ಬನಿಂದ ಓದಿಸಿಕೊಳ್ಳಬಾರದು, ಇಬ್ಬರಿಂದ ಓದಿಸಿಕೊಳ್ಳಬೇಕು. ಇದನ್ನು ನಾನು ಆಗ ಯಾರಿಗೂ ಹೇಳಲಿಲ್ಲ.

ಮಗ ಎಂಥ ಯಂತ್ರದ ಕೆಳಗೆ ಕೂತು ಕೆಲಸ ಮಾಡುತ್ತಾನೆ ಎಂದು ನೋಡುವ ಆಸೆ ನಿನ್ನ ಅಪ್ಪನಿಗೆ. ನೋಡಲು ಆಗದು, ಹಾಗಾದರೆ ಮಾಡಿಯೇ ನೋಡುತ್ತೇನೆ ಎಂದ. ವಿಠ್ಠಲ ಹಂಟರ್ ಎಂಬ ಜೆಟ್ ವಿಮಾನದ ಉದ್ದಗಲವನ್ನು ಹೆಜ್ಜೆಯಲ್ಲಿ ಅಳೆದು ಬರೆದ. "ಅವ್ನ ಹೆಜ್ಜೆ ನಂಗೆ ಗೊತ್ತಿಲ್ವಾ? ಏಡಿ ನಡ್ದಾಂಗೆ ನಡೀತಾನೆ" ಎಂದು ಆಚಾರಿ ತಾನೇ ಒಂದಿಷ್ಟು ಕಳೆದು, ಅಡಿಗೆ ಅರ್ಧ ಅಂಗುಲದಂತೆ ಬಿದಿರಿನ ಸೀಳಿನ ಮೇಲೆ ಗುರುತು ಹಾಕಿಕೊಂಡ. ಹಾಲೆಮರದ ಒಂದೇ ತುಂಡಿನಲ್ಲಿ ಮೈ ಕೆತ್ತಿದ. ಮೊದಲ ಸಲ ಹೊಟ್ಟೆಯ ಕೆಳಗೆ ದೋಣಿಗಿರುವ ಹಾಗೆ ಅಡಿಮರದ ಏಣು ಬಂದುಬಿಟ್ಟಿತು. ಕೈಗೆ ಅದೇ ರೂಢಿ. ನಾನು ನಕ್ಕೆ. "ಇರ್ಲಿ ಮಾರಾಯ, ನೀರಿಗೆ ಬಿದ್ರೂ ತೇಲ್ತದೆ" ಎಂದ. ಆದರೂ ಅದನ್ನು ಬದಿಗಿಟ್ಟು ಇನ್ನೊಂದು ತುಂಡು ತೆಗೆದುಕೊಂಡ.

ಒಣಗಿದ ತೊರಕೆ ಮೀನಿನ ಒರಟು ಚರ್ಮದಿಂದ ಮೈ ಉಜ್ಜಿ ಉಜ್ಜಿ ನುಣುಪು ಮಾಡಿದ. ಸೋಪಿನ ಡಬ್ಬಿಯ ಪಾರದರ್ಶಕ ಮುಚ್ಚಳವನ್ನು ಬಿಸಿ ಮಾಡಿ ಬಗ್ಗಿಸಿ, ಚಾಲಕ ಕೂರುವ ಜಾಗಕ್ಕೆ ಗಾಜು ಮಾಡಿದ. ಹಳೇ ಚಪ್ಪಲಿಯ ರಬ್ಬರು ಕೊರೆದು ಚಕ್ರ. ತಗಡು ಜೋಡಿಸಿದಲ್ಲೆಲ್ಲ ಮೊಳೆಯ ಸಾಲು ಇರುತ್ತದೆ ಎಂದು ವಿಠ್ಠಲ ಬರೆದಿದ್ದ. ಆಚಾರಿ ಸೂಜಿಯ ಮೊನೆಯಿಂದ ಆ ಸಾಲುಗಳನ್ನೆಲ್ಲ ಚುಚ್ಚಿದ. ದೋಣಿಯ ಕೆಲಸ ಬಿಟ್ಟು ಎರಡು ತಿಂಗಳು ಅದರಲ್ಲೇ ಮುಳುಗಿದ್ದ.

ಕುಮಟೆಯಲ್ಲಿ ಒಂದು ಪ್ರದರ್ಶನ ಇತ್ತು, ನಾನೂ ಅಲ್ಲಿ ಮಳಿಗೆ ಹಾಕುವವನಿದ್ದೆ. ಹೊನ್ನಾವರದ ಹೊಳೆದಂಡೆಯ ಜಾಗವೊಂದನ್ನು ಮರದ ನಾಟಾ ವ್ಯಾಪಾರಕ್ಕೆ ಪಡೆಯಲು ನಾನು ಒಂದು ವರ್ಷದಿಂದ ಓಡಾಡುತ್ತಿದ್ದೆ. ಅದನ್ನು ಕೊಡಬೇಕಾದ ಅಧಿಕಾರಿ ಪ್ರದರ್ಶನಕ್ಕೆ ಬರುವವರಿದ್ದರು. ಈ ವಿಮಾನ ನನ್ನ ಮಳಿಗೆಯಲ್ಲಿದ್ದರೆ ಅವರು ನಿಂತು ನೋಡದೆ ಹೋಗುವುದಿಲ್ಲ. ನಿಂತರೆ ನಾನು ಮಾತಾಡಿಸದೆ ಬಿಡುವುದಿಲ್ಲ. ಲೆಕ್ಕ ಅಷ್ಟೇ. ಶನಿವಾರದೊಳಗೆ ಮುಗಿಸು ಎಂದು ಆಚಾರಿಯ ಬೆನ್ನು ಹತ್ತಿದ್ದೆ.

ಬುಧವಾರ ಕಾಗದ ಬಂತು. ಬೇರೆ ಯಾರದೋ ಕೈಬರಹ. ವಿಠ್ಠಲನಿಗೆ ಕಾಮಾಲೆ ಜೋರಾಗಿದೆ, ಪುಣೆಯ ಆಸ್ಪತ್ರೆಗೆ ತಂದಿದ್ದಾರೆ, ಅಪ್ಪ ಕೂಡಲೇ ಹೊರಟು ಬರಬೇಕು — ಅವನು ಹೇಳಿದ್ದನ್ನು ಜೊತೆಯವನು ಬರೆದಿದ್ದ. ಓದಿ ಇನ್ನೂ ಮಡಚಿರಲಿಲ್ಲ, ನಿನ್ನ ಅಪ್ಪ ಅಂಗಡಿ ಮೆಟ್ಟಿಲು ಹತ್ತಿದ. ಬಾಲದ ಮೇಲೆ ಎಂತದಾದರೂ ಗುರುತು ಇರುತ್ತದಾ ಎಂದು ಹಿಂದಿನ ಕಾಗದದಲ್ಲಿ ನನ್ನಿಂದ ಬರೆಸಿ ಕೇಳಿದ್ದ. ಉತ್ತರಕ್ಕೆ ಕಾಯುತ್ತಿದ್ದ.

"ಎಂತ ಹೇಳಿದ್ದ ವಿಠ್ಠಲ?"

ಹೇಳಬಹುದಿತ್ತು. ನಾಲಿಗೆಯ ತುದಿಗೆ — ಇಲ್ಲ, ತುದಿಗೂ ಬರಲಿಲ್ಲ. ಎದುರಿನ ಕಪಾಟಿನಲ್ಲಿ ಕೆಂಪು ಬಣ್ಣದ ಡಬ್ಬಿ ಇತ್ತು. ಕಾಗದ ನೋಡುತ್ತ ಓದಿದೆ: "ನಾನು ಆರಾಮಿದ್ದೇನೆ. ಬಾಲಕ್ಕೆ ಎರಡು ಕೆಂಪು ಪಟ್ಟಿ ಬಳಿ ಅಪ್ಪ."

"ಒಂದು ಬೆರಳಗಲವಾ, ಎರಡಾ?"

"ಒಂದು."

"ಆತು" ಎಂದು ಡಬ್ಬಿ ತೆಗೆದುಕೊಂಡು ಹೋದ.

ಮೂರು ದಿನದಲ್ಲಿ ಎಂತ ಆಗಿಬಿಡುತ್ತದೆ ಎಂದುಕೊಂಡೆ. ಕಾಮಾಲೆ ಊರಲ್ಲಿ ಎಷ್ಟು ಜನರಿಗೆ ಬಂದು ಹೋಗಿಲ್ಲ... ಹೀಗೆ ನನಗೆ ನಾನೇ ಚೌಕಾಸಿ ಮಾಡಿಕೊಂಡೆ. ಚೌಕಾಸಿಯಲ್ಲಿ ನಾನು ಯಾವಾಗಲೂ ಗೆದ್ದವನು.

ಶನಿವಾರ ವಿಮಾನವನ್ನು ಪಂಚೆಯಲ್ಲಿ ಸುತ್ತಿ, ಮಗುವನ್ನು ಕೂರಿಸಿಕೊಂಡ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ನನ್ನ ಜೊತೆ ಬಂದ. ಹೊನ್ನಾವರದಲ್ಲಿ ಹೊಳೆ ದಾಟಲು ದೋಣಿ ಹತ್ತಿದಾಗ ಅಂಬಿಗ, ವಿಮಾನ ಇಟ್ಟುಕೊಂಡು ನನ್ನ ದೋಣಿ ಯಾಕೆ ಆಚಾರ್ರೆ ಎಂದು ತಮಾಷೆ ಮಾಡಿದ. ನಿನ್ನ ಅಪ್ಪ ಹಳದೀಪುರ ದಾಟುವವರೆಗೂ ಅದನ್ನೇ ಹೇಳಿ ಹೇಳಿ ನಗುತ್ತಿದ್ದ. ಕಾಗದ ನನ್ನ ಜೇಬಿನಲ್ಲಿತ್ತು. ನನಗೆ ಏನೂ ಅನ್ನಿಸುತ್ತಿರಲಿಲ್ಲ. ಅದನ್ನೂ ಬರೆದುಬಿಡುತ್ತೇನೆ — ಏನೂ ಅನ್ನಿಸುತ್ತಿರಲಿಲ್ಲ.

ಅಧಿಕಾರಿ ಬಂದರು, ನಿಂತರು, ಕೆಂಪು ಪಟ್ಟಿಯ ಮೇಲೆ ಬೆರಳಾಡಿಸಿದರು. ಅವರು ಆಚೆ ಹೋದ ಮೇಲೆ ಆಚಾರಿಯನ್ನು ಬದಿಗೆ ಕರೆದು, ಇವತ್ತು ಬೆಳಿಗ್ಗೆ ಹೊರಡುವಾಗ ಇನ್ನೊಂದು ಕಾಗದ ಬಂತು, ಗಡಿಬಿಡಿಯಲ್ಲಿ ಈಗಷ್ಟೇ ಒಡೆದೆ ಎಂದು ಹೇಳಿ, ಕಾಮಾಲೆಯ ಸುದ್ದಿಯನ್ನಷ್ಟೇ ಓದಿದೆ. ಅವನು ವಿಮಾನವನ್ನು ನನ್ನ ಕೈಗೆ ಕೊಟ್ಟು, ಉಟ್ಟ ಬಟ್ಟೆಯಲ್ಲೇ ಹುಬ್ಬಳ್ಳಿ ಬಸ್ಸು ಹತ್ತಿದ. ಪುಣೆ ಮುಟ್ಟಿದಾಗ ಸೋಮವಾರ. ವಿಠ್ಠಲ ಭಾನುವಾರ ಬೆಳಿಗ್ಗೆಯೇ ತೀರಿಹೋಗಿದ್ದ. ಬುಧವಾರವೇ ಹೊರಟಿದ್ದರೆ ಎರಡು ದಿನ ಮಗನ ಹತ್ತಿರ ಕೂರಬಹುದಿತ್ತು. ಈ ಲೆಕ್ಕವನ್ನು ಎಷ್ಟು ಸಲ ಹಾಕಿದರೂ ಉತ್ತರ ಬದಲಾಗುವುದಿಲ್ಲ.

ತಿರುಗಿ ಬಂದವನು ಒಂದೇ ಒಂದು ಮಾತು ಕೇಳಿದ. "ಆ ಕಾಗದ ಶನಿವಾರವೇ ಬಂದದ್ದಾ, ದಾಮೋದ್ರಾ?"

"ಶನಿವಾರವೇ" ಎಂದೆ.

ಅವನು ಎದ್ದ. ವಿಮಾನವನ್ನು ಮನೆಗೆ ಒಯ್ದ. ಅವನಿಗೆ ತಿಳಿದಿತ್ತೋ ಇಲ್ಲವೋ... ಗೊತ್ತಿಲ್ಲ. ಹೊಳೆದಂಡೆಯ ಜಾಗ ನನಗೆ ಸಿಕ್ಕಿತು. ಊರಿನವರು ನನ್ನ ಹತ್ತಿರ ಸಲಹೆ ಕೇಳಲು ಬರುವಂತಾದದ್ದು ಅಲ್ಲಿಂದಲೇ.

ಎಲ್ಲಿ ಬೇಕಾದರೂ ಒರೆಸು, ಆ ಕೆಂಪು ಪಟ್ಟಿ ಮಾತ್ರ ಮುಟ್ಟಬೇಡ, ವಿಠ್ಠಲ ಕೊನೆಗೆ ಹೇಳಿದ್ದು ಅದು ಎಂದು ಅಪ್ಪ ಹೇಳುತ್ತಿದ್ದರು ಎಂದೆಯಲ್ಲ ನೀನು, ನಾಲ್ಕು ಸಾಲು ಕೇಳಿದ ದಿನ. ನಾನು ಚಹಾ ಕುಡಿಯುತ್ತ ಕೇಳಿಸಿಕೊಂಡೆ. ಲೋಟ ಕೆಳಗಿಟ್ಟು ಎದ್ದು ಬಂದೆ.

ಇದರ ಜೊತೆ ಆ ಬುಧವಾರದ ಕಾಗದ ಇಟ್ಟಿದ್ದೇನೆ. ಇಷ್ಟು ವರ್ಷ ನನ್ನ ಪೆಟ್ಟಿಗೆಯಲ್ಲಿತ್ತು. ಸುಡಲೂ ಇಲ್ಲ, ಕೊಡಲೂ ಇಲ್ಲ. ಪಟ್ಟಿಯನ್ನು ಉಳಿಸುವುದೋ ಅಳಿಸುವುದೋ ನಿನಗೆ ಬಿಟ್ಟದ್ದು. ಈ ಒಂದು ವಿಷಯದಲ್ಲಿ ಸಲಹೆ ಕೊಡುವ ಬಾಯಿ ನನಗಿಲ್ಲ. ಶಾಲೆಯವರಿಗೆ ನಾಲ್ಕು ಸಾಲು ಬೇಕಿದ್ದರೆ ಇದನ್ನೇ ಕೊಡು.

ಕಾಗದವನ್ನು ನೀನೇ ಓದು. ಕೊನೆಯ ಸಾಲನ್ನು ನಿನ್ನ ಅಪ್ಪ ಕೇಳಲೇ ಇಲ್ಲ. ವಿಠ್ಠಲ ಹೀಗೆ ಬರೆಸಿದ್ದಾನೆ: "ವಿಮಾನ ಅರ್ಧದಲ್ಲೇ ಇದ್ರೆ ಇರ್ಲಿ ಅಪ್ಪ, ಬಿಟ್ಟು ಬಾ."