ಸಪ್ನಾಳ ನಂಬರು

ಬೀದರದ ಶಾರದಾಬಾಯಿಯ ಮಗಳು ಸಪ್ನಾ ಬೇಗಂಪೇಟೆಯಲ್ಲಿ ಗೆಳೆಯ ಯಶವಂತನೊಡನೆ ಡಿಸೈನ್ ಸ್ಟುಡಿಯೋ ಕಟ್ಟಿದ್ದಳು. ಕಳೆದ ವರ್ಷ ಡೆಂಗಿ ಜ್ವರದಲ್ಲಿ ತೀರಿಕೊಂಡಳು. ಸ್ಟುಡಿಯೋದ ವೆಬ್‌ಸೈಟಿನಲ್ಲಿ ಅವಳ ನಂಬರೇ ಇದ್ದುದರಿಂದ ಫೋನು ತಾಯಿಯ ಬಳಿ ಉಳಿಯಿತು. ಸಪ್ನಾ ಮೇಡಂ ಬೇಕೆಂದು ಯಾರಾದರೂ ಕೇಳಿದರೆ, ಆಕೆ ಊರಲ್ಲಿಲ್ಲ ಎಂದು ಶಾರದಾಬಾಯಿ ಹರಕುಮುರುಕು ತೆಲುಗಿನಲ್ಲಿ ಹೇಳಿ ಯಶವಂತನ ನಂಬರು ಕೊಡುತ್ತಿದ್ದರು. ಸತ್ತ ಸುದ್ದಿಯನ್ನು ಒಬ್ಬರಿಗೂ ಹೇಳಲಿಲ್ಲ.

ಶಾರದಾಬಾಯಿ ಮಗಳೊಡನೆ ಇದ್ದದ್ದು ಅದೇ ಊರಿನ ನಾರಾಯಣಗೂಡದಲ್ಲಿ; ಒಂದು ಭಾನುವಾರ ಯಶವಂತ ಆ ಮನೆಗೆ ಬಂದ.

“ಅಮ್ಮಾ, ವೆಬ್‌ಸೈಟ್ ಹೊಸದಾಗಿ ಮಾಡಾಕತ್ತೀವ್ರಿ. ಅದರಾಗ ನನ್ನ ನಂಬರ್ ಹಾಕ್ತೀವಿ. ಇನ್ನ ನಿಮಗ ತ್ರಾಸ ಇರೂದಿಲ್ಲ.”

ಶಾರದಾಬಾಯಿ ಮಗಳ ಫೋನನ್ನು ಕೈಗೆತ್ತಿಕೊಂಡರು.

“ತ್ರಾಸ ಅಂತ ನಾ ಯಾವಾಗ ಅಂದೀನಪಾ? ಆಕಿ ಹೆಸರು ಹಿಡಿದು ಕೇಳವ್ರು ಈ ಫೋನ್ ಮಾಡವ್ರಷ್ಟೇ ಇದ್ರು.”

ಯಶವಂತ ತಲೆ ತಗ್ಗಿಸಿದ. ಅವನ ಕೆಲಸವೂ ನಡೆಯಬೇಕಲ್ಲ ಎಂದು ಅವರಿಗೆ ತಿಳಿಯದೆ ಇರಲಿಲ್ಲ.

“ಇರಲಿ, ನಿಂದ ಹಾಕ್ಕೊ,” ಎಂದು ಅವರೇ ಹೇಳಿ, ಚಹಾಕ್ಕೆ ನೀರಿಡಲು ಒಳಗೆ ಹೋದರು.

ಹೊಸ ವೆಬ್‌ಸೈಟು ಬಂದ ಮೇಲೆ ಕರೆಗಳು ವಾರಕ್ಕೊಂದಾಗಿ, ತಿಂಗಳಿಗೊಂದಾಗಿ, ಕಡೆಗೆ ನಿಂತೇಹೋದವು. ಶಾರದಾಬಾಯಿ ಈಗಲೂ ದಿನಾ ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ, ಆ ಫೋನನ್ನು ಚಾರ್ಜಿಗೆ ಹಾಕುತ್ತಾರೆ.