ಹಸಿರು ಎಳೆ

ಮೊನ್ನೆ ಬನಹಟ್ಟಿಯ ನಮ್ಮ ಓಣಿಗೆ ಕಾಲಿಟ್ಟಾಗ ಗಂಜಿ ಹಾಕಿದ ನೂಲಿನ ವಾಸನೆ ಮೂಗಿಗೆ ಬಡಿಯಿತು. ಪಕ್ಕದ ಮನೆಯ ಮಗ್ಗಕ್ಕೆ ಉದ್ದೆಳೆಗಳ ಹೊಸ ಹಾಸು ಏರಿಸಿದ್ದರು. ಅಪ್ಪಟ ಹಸಿರು ಎಳೆಗಳು... ಅಕ್ಕ ನೆನಪಾದಳು.

ಸ್ವಂತ ಅಕ್ಕನಲ್ಲ, ಆ ಮನೆಯ ಮಗಳು. ಓದಿ, ದೂರದ ಬೆಟ್ಟದ ಮೇಲಿನ ಪ್ರಯೋಗಾಲಯ ಸೇರಿದ್ದಳು. ಅಲ್ಲಿ ಲೈಡಾರ್ ಎಂಬ ಯಂತ್ರದಿಂದ ಆಕಾಶಕ್ಕೆ ಹಸಿರು ಲೇಸರ್ ಬಿಡುತ್ತಿದ್ದರು. ಗಾಳಿಗೆ ತಾಗಿ ಮರಳುವ ಚೂರುಪಾರು ಬೆಳಕಿನಿಂದಲೇ, ವಿಮಾನವೂ ಏರದ ಎತ್ತರದಲ್ಲಿ ಯಾವ ಋತುವಿಗೆ ಎಷ್ಟು ಬಿಸಿ, ಎಷ್ಟು ತಂಪು ಎಂದು ಅಳೆಯುವುದು ಅವಳ ಕೆಲಸ.

"ಇಲ್ಲಿ ಬಿಸಲಾ ತಡಕೊಳ್ಳಾಕ ಆಗವಲ್ದು, ಮ್ಯಾಲಿಂದು ತಗೊಂಡು ಏನ್ ಮಾಡ್ತಿ ಬೇ?" ಎಂದು ನಾನು ಕಾಡುತ್ತಿದ್ದೆ.

"ನಮ್ಮ ಬ್ಯಾಸಗಿ ಅಲ್ಲಿ ನಡ್ಯೂದಿಲ್ಲೋ. ಅಲ್ಲಿ ಲೆಕ್ಕಾನ ಬ್ಯಾರೆ. ಚಳಿಗಾಲದ್ದು ಆತು, ಬ್ಯಾಸಗಿದೊಂದು ಅಳದು ತೋರಸ್ತೀನಿ ತಡಿ" ಎನ್ನುತ್ತಿದ್ದಳು.

ಆ ಬೇಸಿಗೆಗೆ ಯಂತ್ರ ಸರಿಹೊಂದಿಸುವಾಗ, ರಕ್ಷಣೆಯ ಕನ್ನಡಕದಲ್ಲಿ ಹಸಿರು ಗೆರೆಯೇ ಕಾಣುವುದಿಲ್ಲವೆಂದು ಅದನ್ನು ತೆಗೆದಿಟ್ಟಳಂತೆ. ನಾವು ನೇಕಾರರು ಎಳೆ ನೆಟ್ಟಗಿದೆಯೇ ಎಂದು ತಿಳಿಯಲು ಹಾಸಿನ ತುದಿಗೆ ಬಾಗಿ, ಒಂದು ಕಣ್ಣು ಮುಚ್ಚಿ, ಉದ್ದಕ್ಕೂ ನೋಟ ಹಾಯಿಸುತ್ತೇವೆ. ತೊಟ್ಟಿಲಿನಿಂದ ಬಂದ ರೂಢಿ. ಅಕ್ಕನೂ ಬೆಳಕಿನ ಗೆರೆಗೆ ಹಾಗೇ ಬಾಗಿದಳು. ಬಲಗಣ್ಣು ಅಲ್ಲೇ ಹೋಯಿತು.

"ಎಳಿ ನೋಡಿದಂಗ ನೋಡಿಬಿಟ್ಟೆ ಅವ್ವಾ" ಎಂದಷ್ಟೇ ಹೇಳಿದಳು, ಊರಿಗೆ ಬಂದ ದಿನ. ಅವಳ ಅವ್ವ ಮಗ್ಗದಿಂದೆದ್ದು ಒಳಗೆ ಹೋದರು.

ಬೇಸಿಗೆಯ ಅಳತೆ ಹಾಗೇ ಉಳಿಯಿತು. ಬರುವ ವರ್ಷ ಹೋಗಿಯೇ ಹೋಗುತ್ತೇನೆಂದು ಹಟ ಹಿಡಿದಳು. ಹೋಗಲು ಅನುಮತಿಯೂ ಸಿಕ್ಕಿತು. ಇನ್ನೇನು ಹೊರಡಬೇಕು, ರಬಕವಿ ರಸ್ತೆ ದಾಟುವಾಗ ಕಬ್ಬಿನ ಟ್ರ್ಯಾಕ್ಟರ್ ಬಲಗಡೆಯಿಂದ ಬಂತು. ಆ ಕಡೆ ಅವಳಿಗೆ ಏನೂ ಕಾಣುತ್ತಿರಲಿಲ್ಲ... ಅಕ್ಕ ಉಳಿಯಲಿಲ್ಲ. ನನಗೆ ಇಂದಿಗೂ ಸಿಟ್ಟಿದೆ. ಯಾರ ಮೇಲೆ ಎಂದು ಮಾತ್ರ ಗೊತ್ತಿಲ್ಲ.

ಮೊನ್ನೆ ಆ ಹಸಿರು ಹಾಸಿನಲ್ಲಿ ಎಳೆಯೊಂದು ಸಡಿಲಾದಂತೆ ಕಂಡಿತು. ಬಾಗಿ, ಒಂದು ಕಣ್ಣು ಮುಚ್ಚಿದೆ. ಅಷ್ಟರಲ್ಲಿ ಅಕ್ಕನ ಅವ್ವ ಬಂದು ನನ್ನ ತೆರೆದ ಕಣ್ಣಿಗೆ ಅಂಗೈ ಅಡ್ಡ ಹಿಡಿದರು.

"ಹಂಗ ನೋಡಬ್ಯಾಡ ಯಪ್ಪಾ, ಬೆರಳಲೆ ಮುಟ್ಟಿ ನೋಡು" ಎಂದರು. "ಆಕಿಗಿ ಹಂಗ ನೋಡೂದನ್ನ ಕಲಿಸಿದಾಕಿ ನಾನ."