ಅರವತ್ತೆಂಟು ಹುಣಸೆ ಬೀಜ

ಗುರುಲಿಂಗವ್ವ ನನ್ನ ಸೋದರತ್ತೆ. ಅವಳು ತನ್ನ ತೂಕವನ್ನು ಮೊದಲ ಸಲ ನೋಡಿಕೊಂಡದ್ದು ೧೯೮೧ರ ಚಳಿಗಾಲದಲ್ಲಿ, ಬಾಗಲಕೋಟೆಯ ರೈಲು ನಿಲ್ದಾಣದಲ್ಲಿ. ಆಗ ಅವಳಿಗೆ ಮೂವತ್ತಾರು ವರ್ಷ. ಶಿವಯೋಗ ಮಂದಿರಕ್ಕೆ ಹೋಗಲು ಬಾದಾಮಿಯ ಗಾಡಿಗಾಗಿ ಕಾಯುತ್ತಿದ್ದಳು. ಜೊತೆಗೆ ಪಕ್ಕದ ಮನೆಯ ರಂಜಾನಬಿ ಇದ್ದಳು. ಅವಳು ಬಳೆ ಮಾರುವವಳು, ಬಾದಾಮಿಯಲ್ಲಿದ್ದ ಅಕ್ಕನನ್ನು ನೋಡಲು ಹೊರಟಿದ್ದಳು.

ಪ್ಲಾಟ್‌ಫಾರ್ಮಿನ ಮೇಲೆ ಬಣ್ಣದ ದೀಪಗಳ ತೂಕದ ಯಂತ್ರವೊಂದಿತ್ತು. ನಾಣ್ಯ ಹಾಕಿದರೆ ಸಣ್ಣದೊಂದು ದಪ್ಪ ಕಾರ್ಡು ಬೀಳುತ್ತಿತ್ತು. ಒಂದು ಬದಿಗೆ ತೂಕ, ಇನ್ನೊಂದು ಬದಿಗೆ ಭವಿಷ್ಯ. ಅತ್ತೆಗೆ ಬೇಕಾಗಿದ್ದದ್ದು ಭವಿಷ್ಯ. ಓದಲು ಬಾರದ್ದರಿಂದ ಕಾರ್ಡನ್ನು ಟಿಕೆಟ್ ನೋಡುವವರ ಕೈಗೆ ಕೊಟ್ಟಳು.

"ಲಗೂನ ಶುಭ ಸುದ್ದಿ ಬರತೈತಂತ್ರಿ ನಿಮಗ," ಅಂದರು ಅವರು. ಕಾರ್ಡು ತಿರುಗಿಸಿದರು. "ತೂಕ ತೊಂಬತ್ನಾಲ್ಕು ಕಿಲೋ."

"ಯಂತ್ರ ಕೆಟ್ಟೈತಿ," ಅಂದಳು ಅತ್ತೆ. "ರಂಜಾನಬಿ, ನೀ ಹತ್ತು, ನೋಡೂಣು."

ರಂಜಾನಬಿಗೆ ನಲವತ್ತೇಳು ಬಂತು. "ಯಂತ್ರ ಬರೋಬ್ಬರಿ ಐತಿ ಅಕ್ಕಾ. ನನ್ನಂಥಾವರು ಇಬ್ಬರು ಅದಾರ ನಿನ್ನೊಳಗ."

ಅತ್ತೆ ನಗಲಿಲ್ಲ. ಅವಳು ಖಾನಾವಳಿ ನಡೆಸುವವಳು, ಕಿಲೋ ಅಂದರೆ ಅವಳಿಗೆ ಜೋಳ. ತಿಂಗಳಿಗೆ ಎರಡು ಸಲ ಹುಲ್ಲಪ್ಪ ಎಂಬ ಹಮಾಲ ನೂರು ಕಿಲೋದ ಜೋಳದ ಚೀಲ ಹೊತ್ತು ಅಡುಗೆಮನೆಗೆ ತರುತ್ತಿದ್ದ. ಹೊಸ್ತಿಲು ದಾಟುವಾಗ ಅವನ ತೊಡೆ ನಡುಗುವುದನ್ನು ಅವಳು ಎಷ್ಟೋ ಸಲ ನೋಡಿದ್ದಳು. ಇನ್ನು ಆರು ಕಿಲೋ ಸೇರಿದರೆ ತಾನೂ ಅದೇ ಚೀಲ. ಬಾದಾಮಿ ಬರುವವರೆಗೂ ಅವಳು ಆ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದಳಂತೆ. ಇದನ್ನು ನನಗೆ ಹೇಳಿದವಳು ರಂಜಾನಬಿ. ಕಾರ್ಡು ಮಾತ್ರ ನಾನೇ ನೋಡಿದ್ದೇನೆ, ಅಂಕಿ ಈಗಲೂ ಅಳಿಸಿಲ್ಲ.

ಅತ್ತೆಯ ಗಂಡ ಹೊಳಬಸಪ್ಪ ೧೯೭೦ರಲ್ಲಿ ಕಾಮಾಲೆಯಾಗಿ ತೀರಿಕೊಂಡರು. ಮಕ್ಕಳಿರಲಿಲ್ಲ. ನನ್ನ ಅಪ್ಪ ಕಾಶಪ್ಪ ತಂಗಿಯನ್ನು ತವರೂರು ಬೇವೂರಿಗೆ ಕರೆದೊಯ್ಯಲು ಚಕ್ಕಡಿ ಕಟ್ಟಿಕೊಂಡು ಹೋದ. ಅವಳು ಬರಲಿಲ್ಲ. ಬಾಗಲಕೋಟೆಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಎರಡು ಕೋಣೆ ಹಿಡಿದು ಖಾನಾವಳಿ ತೆಗೆದಳು. ಮುಂದಿನ ಕೋಣೆಯಲ್ಲಿ ಹನ್ನೆರಡು ಮಂದಿ ನೆಲದ ಮೇಲೆ ಸಾಲಾಗಿ ಕೂತು ಉಣ್ಣುತ್ತಿದ್ದರು. ಹಿಂದಿನ ಕೋಣೆಯಲ್ಲಿ ಅವಳು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಸಿದ್ದವ್ವ ಎಂಬಾಕೆ ಬಡಿಸುತ್ತಿದ್ದಳು. ಅತ್ತೆಯ ಮೈ ನೋಡಿಯೇ ಹೊಸಬರು ಒಳಗೆ ಬರುತ್ತಾರೆ ಎಂದು ಹುಲ್ಲಪ್ಪ ತಮಾಷೆ ಮಾಡುತ್ತಿದ್ದ: "ಇಲ್ಲಿ ಬೋರ್ಡು ಯಾಕ ಬೇಕ್ರಿ? ಅಕ್ಕಾರನ್ನ ಬಾಗಲದಾಗ ನಿಲ್ಲಸ್ರಿ, ಊಟ ಹೆಂಗ ಐತಿ ಅಂತ ತಿಳೀತೈತಿ."

ತೂಕದ ಯಂತ್ರ ಹತ್ತಿದ ವರ್ಷದ ಬೇಸಿಗೆಯಲ್ಲಿ ಅತ್ತೆಯ ಮೊಣಕಾಲು ಊದಿತು. ಒಲೆಯ ಮುಂದಿನಿಂದ ಏಳಬೇಕಾದರೆ ಅವಳು ಗೋಡೆಗೆ ಅಂಗೈ ಊರುತ್ತಿದ್ದಳು. ಸುಣ್ಣದ ಗೋಡೆಯ ಮೇಲೆ ಅಂಗೈಯಷ್ಟೇ ಅಗಲದ ಕಪ್ಪು ಗುರುತು ಬಿದ್ದಿತ್ತು. ದವಾಖಾನೆಯ ಡಾಕ್ಟರು ಮೊಣಕಾಲು ಒತ್ತಿ ನೋಡಿ ಹೇಳಿದರು: "ಇಪ್ಪತ್ತು ಕಿಲೋ ಇಳಸ್ರಿ. ಇಲ್ಲಾಂದ್ರ ಇನ್ನೊಂದ ವರ್ಷಕ್ಕ ನೆಲದ ಮ್ಯಾಲೆ ಕೂಡೂದ ಆಗೂದಿಲ್ಲ."

ನೆಲದ ಮೇಲೆ ಕೂಡಲಾಗದಿದ್ದರೆ ಒಲೆಯಿಲ್ಲ. ಒಲೆಯಿಲ್ಲದಿದ್ದರೆ ಖಾನಾವಳಿಯಿಲ್ಲ. ಆಮೇಲೆ ಬೇವೂರೇ ಗತಿ. ನಮ್ಮ ಮನೆಯಲ್ಲಿ ಅವಳಿಗೆ ಅನ್ನಕ್ಕೆ ಕೊರತೆಯಾಗುತ್ತಿರಲಿಲ್ಲ. ಆದರೆ ಕೇಳಿ ಹೊರಗೆ ಹೋಗುವ, ಕೇಳಿ ಒಳಗೆ ಬರುವ ಬಾಳು ಅವಳಿಗೆ ಸಾವಿಗಿಂತ ಹೆಚ್ಚಿನ ಹೆದರಿಕೆಯಾಗಿತ್ತು.

"ನಾ ಏನ್ ತಿಂತೇನಿ?" ಎಂದು ಅವಳು ರಂಜಾನಬಿಯ ಮುಂದೆ ಅತ್ತಳು. "ದಿನಕ್ಕ ಒಂದ ರೊಟ್ಟಿ. ಬಸವಣ್ಣನ ಆಣಿ, ಒಂದ ರೊಟ್ಟಿ!"

"ಒಂದ ರೊಟ್ಟಿಗೆ ಇಷ್ಟ ಆಗೂದಿದ್ರ ನನ್ನ ಗಂಡ ಚಮನಸಾಬಗೂ ಅದನ್ನ ತಿನಸ್ತಿದ್ನಿ. ಗಾಳಿ ಬಿಟ್ರ ಹಾರಿ ಹೋಗೂ ಮನಶ್ಯಾ ಅಂವ."

ಮರುದಿನ ರಂಜಾನಬಿ ಒಂದು ಬೊಗಸೆ ಹುಣಸೆ ಬೀಜ ತಂದು ಒಲೆಯ ಪಕ್ಕಕ್ಕೆ ಸುರುವಿದಳು. ಅದರ ಮಗ್ಗುಲಲ್ಲಿ ಖಾಲಿ ತಂಬಿಗೆ ಇಟ್ಟಳು. "ಬಾಯಾಗ ಏನ ಬಿದ್ರೂ ತಂಬಿಗಿಗೆ ಒಂದ ಬೀಜ. ಉಪ್ಪು ನೋಡಿದ್ರೂ ಒಂದು. ಸುಳ್ಳ ಹಾಕಬ್ಯಾಡ."

ಸಂಜೆ ಇಬ್ಬರೂ ಕೂತು ಎಣಿಸಿದರು. ಅರವತ್ತೆಂಟು.

ಬೀಜಗಳನ್ನು ನೆಲದ ಮೇಲೆ ಹರವಿಕೊಂಡು ಅತ್ತೆ ಒಂದೊಂದನ್ನೇ ನೆನಪಿಸಿಕೊಂಡಳು. ಪಲ್ಯದ ರುಚಿ, ಬೇಳೆಯ ರುಚಿ, ಮುರಿದ ರೊಟ್ಟಿಯ ಚೂರು, ಚಟ್ನಿ ಅರೆದ ಕಲ್ಲಿನ ಮೇಲೆ ಉಳಿದ ಶೇಂಗಾ, ಗಡಿಗೆಯ ತಳದ ಅನ್ನ, ಸಂಜೆ ಬುಟ್ಟಿಯಲ್ಲಿ ಉಳಿದ ನಾಲ್ಕು ರೊಟ್ಟಿ. ಬೀಜ ಹಾಕಿದ ಕೈ ತನ್ನದೇ, ಆದರೂ ಅವಳು ನಂಬಲಿಲ್ಲ. ಮಾರನೆಯ ದಿನ ಮೈಯೆಲ್ಲ ಎಚ್ಚರವಾಗಿಟ್ಟುಕೊಂಡಳು. ಅರವತ್ತೊಂದು ಬಂತು. ತನ್ನ ಮನೆಯಲ್ಲಿ ಹನ್ನೊಂದು ವರ್ಷ ಕಳವಾಗುತ್ತಿತ್ತು ಎಂದು ಗೊತ್ತಾದವರ ಹಾಗೆ ಅವಳ ಮುಖ ಬಿಳಿಚಿತ್ತು ಎಂದು ರಂಜಾನಬಿ ಹೇಳುತ್ತಾಳೆ.

ಬುಟ್ಟಿಯಲ್ಲಿ ಉಳಿದದ್ದನ್ನು ಬಿಡಲು ಅವಳಿಂದ ಆಗುತ್ತಿರಲಿಲ್ಲ. ನಮ್ಮ ಲಿಂಗಾಯತರಲ್ಲಿ ಉಂಡ ತಾಟಿಗೆ ನೀರು ಹಾಕಿ, ತೊಳೆದು, ಆ ನೀರನ್ನೂ ಕುಡಿಯುತ್ತೇವೆ. ಪ್ರಸಾದದ ಒಂದು ಅಗುಳೂ ಹಾಳಾಗಬಾರದು. ತಾಟಿಗೆ ಇರುವ ಈ ಪದ್ಧತಿಯನ್ನು ಅತ್ತೆ ಇಡೀ ಖಾನಾವಳಿಗೆ ಹಿಡಿದಿದ್ದಳು. ಹನ್ನೆರಡು ಮಂದಿಗೆ ಬೇಯಿಸಿದ್ದರಲ್ಲಿ ಉಳಿದದ್ದನ್ನೆಲ್ಲ ಅವಳೊಬ್ಬಳೇ ಮುಗಿಸುತ್ತಿದ್ದಳು. ಸೋಮವಾರ ಸೋಮವಾರ ಊಟಕ್ಕೆ ಬರುತ್ತಿದ್ದ ಜಂಗಮರೊಬ್ಬರಿದ್ದರು, ಮುದುಕರಾದ ರಾಚಯ್ಯನವರು. ಅವರನ್ನು ಕೇಳಿದಳು: "ಅಜ್ಜಾರ, ಉಳದದ್ದು ಒಗದ್ರ ಪಾಪ ಅಲ್ಲೇನ್ರಿ?"

"ಒಗ್ಯಬಾರದವ್ವಾ," ಅಂದರು ಅವರು. "ಆದ್ರ ಒಗ್ಯಾಕ ನಿನ್ನ ಹೊಟ್ಟೀನ ಬೇಕಂತ ಯಾರ ಹೇಳ್ಯಾರ? ಓಣ್ಯಾಗ ಹಸದವರ ಇಲ್ಲೇನು?"

ಅಂದಿನಿಂದ ಉಳಿದ ರೊಟ್ಟಿ ಹುಲ್ಲಪ್ಪನ ಮನೆಯ ಐದು ಮಕ್ಕಳಿಗೆ ಹೋಯಿತು. ಬೀಜಗಳು ನಲವತ್ತಕ್ಕೆ ಬಂದವು, ಮೂವತ್ತಕ್ಕೆ ಬಂದವು, ಹದಿನೈದಕ್ಕೆ ಇಳಿದವು. ತಿಂಗಳಿಗೊಮ್ಮೆ ಬೆಳಿಗ್ಗೆ ಪೇಟೆ ತೆರೆಯುವ ಮೊದಲು ಹುಲ್ಲಪ್ಪ ಅವಳನ್ನು ಕಾಳಿನ ವ್ಯಾಪಾರದ ಅಡತಿ ಅಂಗಡಿಯ ಕಾಟಾದ ಮೇಲೆ ಕೂರಿಸುತ್ತಿದ್ದ. ಜೋಳದ ಚೀಲ ತೂಗುವ ಕಾಟಾ ಅದು.

"ಅಕ್ಕಾರ, ಈ ತಿಂಗಳ ಮಾಲು ಕಡಿಮಿ ಬಂದೈತಲ್ರಿ! ಯಾರರ ಚೀಲಕ್ಕ ತೂತ ಮಾಡ್ಯಾರೇನು?"

"ಮುಚ್ಚಲೇ ಬಾಯಿ. ಎಷ್ಟೈತಿ ಹೇಳು."

ಎರಡು ವರ್ಷ ದಾಟಿ, ೧೯೮೩ರ ಶ್ರಾವಣದ ಹೊತ್ತಿಗೆ, ಎಪ್ಪತ್ತು ಕಿಲೋ. ಮೊಣಕಾಲಿನ ಊತ ಇಳಿದಿತ್ತು.

ಅತ್ತೆಗೆ ಸಂತೋಷವಾಗಬೇಕಿತ್ತು. ಅವಳು ಗಾಬರಿಯಾಗಿದ್ದಳು. ಅಡುಗೆಮನೆಯ ಬಾಗಿಲು ದಾಟುವಾಗ ಈಗಲೂ ಮೈ ಓರೆ ಮಾಡುತ್ತಿದ್ದಳು, ಎರಡೂ ಬದಿಗೆ ಗೇಣು ಗೇಣು ಜಾಗವಿದ್ದರೂ. ಒಂದು ಸಂಜೆ ಗೋಡೆಯ ಮೇಲೆ ಹೆಂಗಸೊಬ್ಬಳ ನೆರಳು ಕಂಡು, "ಯಾರವ್ವಾ ನೀ? ಒಳಗ ಯಾಕ ಬಂದಿ?" ಎಂದು ಕೂಗಿದಳು. ಸಿದ್ದವ್ವ ಓಡಿ ಬಂದು ನೋಡಿದರೆ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ನೆರಳು ಅತ್ತೆಯದೇ. ಆ ರಾತ್ರಿ ಅವಳು ಚಿಮಣಿ ದೀಪ ಆರಿಸಿಯೇ ಕೆಲಸ ಮುಗಿಸಿದಳಂತೆ.

ಉಣ್ಣಲು ಬರುವವರು ಪಿಸುಮಾತು ಶುರುಮಾಡಿದರು. ಅಡುಗೆಯವಳೇ ಒಣಗಿದ್ದಾಳೆ ಎಂದರೆ ಏನೋ ಇದೆ. ಕ್ಷಯ ಇರಬೇಕು. ಇಬ್ಬರು ಬರುವುದನ್ನು ಬಿಟ್ಟರು. ಸುದ್ದಿ ಬೇವೂರಿಗೆ ಮುಟ್ಟುವಷ್ಟರಲ್ಲಿ, ಮಂದಿಯ ಬಾಯಲ್ಲಿ, ನಮ್ಮ ಅತ್ತೆ ಹಾಸಿಗೆ ಹಿಡಿದಿದ್ದಳು.

ಅಪ್ಪ ಬಸ್ಸು ಹಿಡಿದು ಹೋದ. ಅವ್ವ ಬೆಲ್ಲ ಕೊಬ್ಬರಿ ಹಾಕಿ ಕಟ್ಟಿಕೊಟ್ಟ ಅಂಟಿನ ಉಂಡಿಯ ಡಬ್ಬಿ ಕೈಯಲ್ಲಿತ್ತು. ತಂಗಿಯನ್ನು ನೋಡಿದವನೇ ಬಾಗಿಲಲ್ಲೇ ಅತ್ತುಬಿಟ್ಟ.

"ಇದೇನ ಗತಿ ತಂಗೀ ನಿಂದು! ನಡಿ ಮನಿಗೆ."

"ನನಗೇನಾಗೈತಿ? ಡಾಕ್ಟರ ಹೇಳಿದ್ರು, ಇಳಿಸೇನಿ."

"ಡಾಕ್ಟರಗ ಏನ ತಿಳೀತೈತಿ? ಉಣ್ಣು, ನನ್ನ ಮುಂದ ಉಣ್ಣು." ಒಂದು ಉಂಡಿಯನ್ನು ತಾನೇ ಅವಳ ಬಾಯಿಗಿಟ್ಟ. ದೀಪಾವಳಿ ದಾಟಿದ ಮೇಲೆ ಬರುತ್ತೇನೆ, ಆಗಲೂ ಹೀಗೇ ಇದ್ದರೆ ಬಾಗಿಲಿಗೆ ಬೀಗ ಹಾಕಿ ಕರೆದೊಯ್ಯುತ್ತೇನೆ ಎಂದು ಹೇಳಿ ಸಂಜೆಯ ಬಸ್ಸಿಗೆ ಹೋದ.

ಬಸ್ಸು ಹೊರಡುವ ಮೊದಲೇ ಅತ್ತೆ ಬಾಗಿಲ ಹಿಂದೆ ನಿಂತು ಹನ್ನೊಂದು ಉಂಡಿ ತಿಂದಿದ್ದಳು. ಹೊಟ್ಟೆ ಬಿರಿಯುತ್ತಿತ್ತು, ಕೈ ನಿಲ್ಲುತ್ತಿರಲಿಲ್ಲ. ಹನ್ನೆರಡನೆಯದು ಅವಳ ಕೈಯಲ್ಲಿದ್ದಾಗ ರಂಜಾನಬಿ ಒಳಗೆ ಬಂದಳು.

"ಹಸಿವ್ಯಾಗಿತ್ತೇನು?" ಎಂದು ಕೇಳಿದಳು ಮೆಲ್ಲಗೆ.

"ಇಲ್ಲ. ಹಸಿವಿದ್ರ ಎರಡಕ್ಕ ನಿಲ್ಲತಿತ್ತು," ಅಂದಳು ಅತ್ತೆ. "ನಮ್ಮಣ್ಣ ಉಣ್ಣು ಅಂದ, ರಂಜಾನಬಿ. ನಮ್ಮ ಮನಿಯವರು ಹೋದಾಗಿಂದ ಹದಿಮೂರು ವರ್ಷ ಆತು. ಊರಿಗೆಲ್ಲಾ ನಾ ಉಣ್ಣು ಅಂದೇನಿ. ನನಗ ಯಾರೂ ಅಂದಿದ್ದಿಲ್ಲ."

ಡಬ್ಬಿ ಮುಗಿಯಿತು. ತಂಬಿಗೆಗೆ ಬೀಜ ಹಾಕುವುದೂ ನಿಂತಿತು. ಜೋಳದ ಚೀಲದ ಹೆದರಿಕೆ ಅವಳನ್ನು ಎಪ್ಪತ್ತಕ್ಕೆ ಇಳಿಸಿತ್ತು, ಆದರೆ ಎಪ್ಪತ್ತಕ್ಕೆ ಬಂದ ಮೇಲೆ ಆ ಹೆದರಿಕೆಯೇ ಉಳಿದಿರಲಿಲ್ಲ. ದೀಪಾವಳಿಗೆ ಮುಂಚೆ ಕಾಟಾದ ಮೇಲೆ ಕೂತಾಗ ಹುಲ್ಲಪ್ಪ ತೂಕದ ಕಲ್ಲು ಏರಿಸಿದ, ಮತ್ತೊಂದು ಏರಿಸಿದ. ಅವನು ತಮಾಷೆ ಮಾಡಲಿಲ್ಲ.

"ಹೇಳಲೇ."

"ಎಪ್ಪತ್ತೇಳ್ರಿ ಅಕ್ಕಾರ."

ಎರಡು ತಿಂಗಳಲ್ಲಿ ಏಳು ಕಿಲೋ. ಮನೆಗೆ ಬಂದು ರೊಟ್ಟಿ ಬಡಿದು ಏಳಲು ಹೋದಾಗ ಅವಳ ಅಂಗೈ ತಾನಾಗಿ ಗೋಡೆಯ ಮೇಲಿನ ಹಳೆಯ ಗುರುತಿಗೆ ಹೋಗಿ ಕೂತಿತು. ಕೈಯನ್ನು ಬೆಂಕಿ ಮುಟ್ಟಿದವಳಂತೆ ಹಿಂದಕ್ಕೆಳೆದುಕೊಂಡಳು.

ಅಂದು ಸೋಮವಾರ. ರಾಚಯ್ಯನವರು ಕೈ ತೊಳೆಯುತ್ತಾ ಕೇಳಿದರು: "ಎಲ್ಲಾರಿಗೂ ನೀಡತಿ. ನೀ ಯಾವಾಗ ಉಣತಿ ಯವ್ವಾ?"

ಅತ್ತೆ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಹದಿಮೂರು ವರ್ಷದಲ್ಲಿ ಒಂದು ದಿನವೂ ಅವಳು ತಾಟು ಮುಂದಿಟ್ಟುಕೊಂಡು ಕೂತಿರಲಿಲ್ಲ. ಅರವತ್ತೆಂಟು ಸಲ ಬಾಯಿ ತೆರೆದ ದಿನವೂ ಒಂದು ಊಟ ಉಂಡಿರಲಿಲ್ಲ.

ದೀಪಾವಳಿ ಮುಗಿದ ವಾರ ಅಪ್ಪ ಅವಳನ್ನು ಕರೆತರಲು ಹೊರಟ. ಈ ಸಲ ನನ್ನನ್ನೂ ಕರೆದೊಯ್ದ. ಮುಂದಿನದು ನಾನೇ ಕಂಡದ್ದು.

ಸೋಮವಾರ ಮಧ್ಯಾಹ್ನ ಒಂದು ಗಂಟೆಗೆ ನಾವು ಖಾನಾವಳಿಯ ಬಾಗಿಲಿಗೆ ಬಂದೆವು. ಒಳಗೆ ಹನ್ನೆರಡು ಮಂದಿ ಕೂತಿದ್ದರು. ಅಪ್ಪನನ್ನು ಕಂಡದ್ದೇ ಎಲ್ಲರ ಕೈ ತಾಟಿನಲ್ಲೇ ನಿಂತಿತು. ಸಾಲಿನ ನಡುವೆ, ಹುಲ್ಲಪ್ಪ ಮತ್ತು ರಾಚಯ್ಯನವರ ಮಧ್ಯೆ, ನಮ್ಮ ಅತ್ತೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಮುಂದೆ ತಾಟು, ತಲೆಯ ಮೇಲೆ ಸೆರಗು. ಸಿದ್ದವ್ವ ರೊಟ್ಟಿಯ ಬುಟ್ಟಿ ಹಿಡಿದು, ಅಪ್ಪನ ಮುಖ ನೋಡಿ ಬಡಿಸಲೋ ಬೇಡವೋ ತಿಳಿಯದೆ ನಿಂತಿದ್ದಳು.

ಅಪ್ಪ ಹೊಸ್ತಿಲಲ್ಲೇ ನಿಂತ. "ಏ ಗುರುಲಿಂಗೀ! ಗಂಡಸರ ಸಾಲಿನ್ಯಾಗ ಕುಂತಿಯಲ್ಲ! ಮಂದಿ ಏನಂದಾರು?"

"ಉಣ್ಣಾಕತ್ತೇನಿ ಅಣ್ಣಾ," ಅಂದಳು. "ಇವತ್ತಿಗೆ ಎಂಟ ದಿನ ಆತು, ದಿನಾ ಇದ ಹೊತ್ತಿಗೆ ಕುಂದರತೇನಿ. ನೀನೂ ಕೂಡು. ಸಿದ್ದವ್ವಾ, ನೀಡು."

ಎರಡು ರೊಟ್ಟಿ, ಬದನೆಕಾಯಿ ಪಲ್ಯ, ಒಂದು ಮುಷ್ಟಿ ಅನ್ನ, ಮಜ್ಜಿಗೆ. ಅವಳು ನಿಧಾನವಾಗಿ ಉಂಡಳು. ನಾನು ಅಷ್ಟು ನಿಧಾನವಾಗಿ ಉಣ್ಣುವವರನ್ನು ನೋಡಿರಲಿಲ್ಲ. ಎರಡನೆಯ ರೊಟ್ಟಿ ಮುಗಿದಾಗ ಅಪ್ಪ ಸಿದ್ದವ್ವನಿಗೆ, "ಆಕಿಗೆ ಇನ್ನೊಂದ ಹಾಕವ್ವಾ, ಒಣಗಿ ಹೋಗ್ಯಾಳ," ಅಂದ. ಬುಟ್ಟಿ ಹತ್ತಿರ ಬಂತು. ಅತ್ತೆ ತಾಟಿನ ಮೇಲೆ ಅಂಗೈ ಮುಚ್ಚಿದಳು.

"ಸಾಕು."

"ಒಂದ..."

"ಅಣ್ಣಾ, ನೀ ಉಣ್ಣು ಅಂದ್ರ ನನಗ ಭಾಳ ಹಿತ ಆಗತೈತಿ. ದಿನಾ ಬಂದು ಅನ್ನು. ಆದ್ರ ಸಾಕು."

ಹುಲ್ಲಪ್ಪ ತಲೆ ಎತ್ತದೆ ಹೇಳಿದ: "ಕಾಶಪ್ಪಣ್ಣಾರ, ಆ ರೊಟ್ಟಿ ಈ ಕಡಿ ಬರ್ಲಿರಿ. ನನಗ ಯಾರೂ ಒಣಗೀದಿ ಅನ್ನವಲ್ರು." ಸಾಲಿನಲ್ಲಿ ಯಾರೋ ನಕ್ಕರು. ಕೈಗಳು ಮತ್ತೆ ತಾಟಿಗಿಳಿದವು.

ಅತ್ತೆ ತಾಟಿಗೆ ನೀರು ಹಾಕಿಕೊಂಡಳು, ಬೆರಳಿನಿಂದ ಸುತ್ತ ತೊಳೆದಳು, ಎತ್ತಿ ಕುಡಿದಳು. ಆಮೇಲೆ ಎದ್ದಳು. ಅಪ್ಪ ಗಾಬರಿಯಿಂದ ಕೈ ಚಾಚಿದ, ಹಿಡಿದು ಎಬ್ಬಿಸಬೇಕಾದೀತು ಎಂದು. ಬೇಕಾಗಲಿಲ್ಲ. ನೆಲ ಬಿಟ್ಟು ಬೇರೆ ಯಾವುದನ್ನೂ ಮುಟ್ಟದೆ ಎದ್ದು ನಿಂತಳು, ತಾಟು ಹಿಡಿದು ಅಡುಗೆಮನೆಯ ಬಾಗಿಲು ದಾಟಿದಳು. ಮೈ ಓರೆ ಮಾಡಲಿಲ್ಲ.

ಚಾಚಿದ ಕೈಯನ್ನು ಅಪ್ಪ ಬಹಳ ಹೊತ್ತು ಹಾಗೇ ಹಿಡಿದಿದ್ದ. ಅವನ ಇನ್ನೊಂದು ಕೈಯಲ್ಲಿ ಬಾಗಿಲಿಗೆ ಹಾಕಲೆಂದು ಬೇವೂರಿನಿಂದ ತಂದ ಬೀಗ ಇತ್ತು. ಅದನ್ನು ಅಂಗಿಯ ಜೇಬಿಗೆ ಇಳಿಸಿ, ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, ಖಾಲಿಯಾದ ಅವಳ ಜಾಗದಲ್ಲಿ ಊಟಕ್ಕೆ ಕೂತ.